ಅಂಕಿಅಂಶದಿಂದ ಅನುಚ್ಛೇದದವರೆಗೆ: 371(ಜೆ) ಮತ್ತು ಸಾರ್ವಜನಿಕ ಆಯ್ಕೆಯ ತರ್ಕ

ಸರ್ಕಾರವೆಂಬುದು ಲೋಕಹಿತವನ್ನಷ್ಟೇ ಬಯಸುವ ನಿರ್ವಿಕಾರ ಶಕ್ತಿಯಲ್ಲ. ಮತ ಬಯಸುವ ಜನಪ್ರತಿನಿಧಿಗಳು, ಅನುದಾನ ಬಯಸುವ ಇಲಾಖೆಗಳು, ಸೌಲಭ್ಯ ಬಯಸುವ ಸಂಘಟಿತ ವರ್ಗಗಳು ಇವರೆಲ್ಲರ ಹಿತಾಸಕ್ತಿಗಳ ಕೊಡು-ಕೊಳೆಯಿಂದ ನೀತಿಯು ರೂಪುಗೊಳ್ಳುತ್ತದೆ ಎಂಬುದು ಸಾರ್ವಜನಿಕ ಆಯ್ಕೆ ಸಿದ್ಧಾಂತದ ತಿರುಳು. ಜೇಮ್ಸ್ ಬುಕಾನನ್ ಮತ್ತು ಗಾರ್ಡನ್ ಟುಲಕ್ 1962ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ವಿಚಾರಕ್ಕೆ ಶಾಸ್ತ್ರೀಯ ರೂಪ ದೊರೆಯಿತು. ದಿನನಿತ್ಯದ ನಿರ್ಧಾರಗಳು ಬೇರೆ, ಆ ನಿರ್ಧಾರಗಳನ್ನು ಕಟ್ಟಿಹಾಕುವ ಸಂವಿಧಾನಾತ್ಮಕ ನಿಯಮಗಳು ಬೇರೆ ಎಂಬ ಅವರ ವಿಂಗಡಣೆಯು ಹೈದರಾಬಾದ್ ಕರ್ನಾಟಕದ ಇತಿಹಾಸವನ್ನು ಅರಿಯಲು ವಿಶೇಷವಾಗಿ ನೆರವಾಗುತ್ತದೆ.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯದಲ್ಲಿ ವಿಲೀನಗೊಂಡವು. ಉದ್ಯೋಗದಲ್ಲಿ ಸ್ಥಳೀಯರಿಗೆ ಮುಲ್ಕಿ ನಿಯಮಗಳು ನೀಡಿದ್ದ ರಕ್ಷಣೆ ಹೊಸ ರಾಜ್ಯದಲ್ಲಿ ಉಳಿಯಲಿಲ್ಲ. ಹಿಂದುಳಿದಿರುವಿಕೆಯ ಅರಿವು ಸರ್ಕಾರಕ್ಕೆ ಇರಲಿಲ್ಲವೆನ್ನಲಾಗದು. ಎನ್. ಧರ್ಮಸಿಂಗ್ ಅಧ್ಯಕ್ಷತೆಯ ಸಮಿತಿಯು 1980ರ ದಶಕದ ಆರಂಭದಲ್ಲಿಯೇ ಈ ಪ್ರದೇಶದ ಸ್ಥಿತಿಗತಿಯನ್ನು ಪರಿಶೀಲಿಸಿತ್ತು. 1991ರ ಕಾಯಿದೆಯ ಮೂಲಕ ಪ್ರದೇಶಾಭಿವೃದ್ಧಿ ಮಂಡಳಿಯೂ ಸ್ಥಾಪನೆಗೊಂಡಿತು. ಆದರೆ ಮಂಡಳಿಯ ಕಾರ್ಯವ್ಯಾಪ್ತಿ ಆಯಾ ವರ್ಷದ ಆಯವ್ಯಯವನ್ನು ಅವಲಂಬಿಸಿತ್ತು.

ಅಸಮತೋಲನವನ್ನು ನಿಖರವಾಗಿ ಅಳೆದ ಶ್ರೇಯಸ್ಸು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಗೆ ಸಲ್ಲುತ್ತದೆ. 2000ದಲ್ಲಿ ನೇಮಕಗೊಂಡು 2002ರಲ್ಲಿ ವರದಿ ಸಲ್ಲಿಸಿದ ಈ ಸಮಿತಿಯು 35 ಸೂಚಕಗಳ ಆಧಾರದಿಂದ ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದು ಗುರುತಿಸಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲಬರ್ಗಾ ವಿಭಾಗಕ್ಕೆ ಸೇರಿದ್ದವು. ವಿಭಾಗದ 31 ತಾಲೂಕುಗಳ ಪೈಕಿ 28 ಹಿಂದುಳಿದ ಪಟ್ಟಿಯಲ್ಲಿದ್ದವು. ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಸೂಚಿಸಿ, ಅದರ ಶೇ. 40ರಷ್ಟು ಪಾಲನ್ನು ಈ ವಿಭಾಗಕ್ಕೆ ಶಿಫಾರಸು ಮಾಡಿತು.

ಜ್ಞಾನವು ಲಭ್ಯವಾದ ಮೇಲೂ ಹೋರಾಟವು ಏಕೆ ನಿಲ್ಲಲಿಲ್ಲ? ಉತ್ತರವು ಶಾಸನಸಭೆಯ ಲೆಕ್ಕಾಚಾರದಲ್ಲಿದೆ. 224 ಸದಸ್ಯರ ವಿಧಾನಸಭೆಯಲ್ಲಿ ಈ ಪ್ರದೇಶದ ಸ್ಥಾನಗಳು ಸುಮಾರು 40. ಬಹುಮತದಿಂದ ಅಂಗೀಕಾರವಾಗುವ ಆಯವ್ಯಯದಲ್ಲಿ ಅಲ್ಪಸಂಖ್ಯೆಯ ಪ್ರದೇಶವೊಂದು ಪ್ರತಿವರ್ಷವೂ ಹೊಸದಾಗಿ ಕೇಳಿಕೊಳ್ಳಬೇಕಾಗುತ್ತದೆ. ಒಂದು ಸರ್ಕಾರ ನೀಡಿದ್ದನ್ನು ಇನ್ನೊಂದು ಹಿಂಪಡೆಯಬಹುದು. ಆದುದರಿಂದಲೇ ವೈಜನಾಥ ಪಾಟೀಲರಂಥ ನಾಯಕರ ಹೋರಾಟವು ಹೆಚ್ಚುವರಿ ಅನುದಾನಕ್ಕೆ ತೃಪ್ತವಾಗದೆ, ಆಂಧ್ರಪ್ರದೇಶಕ್ಕೆ 1973ರಲ್ಲಿ ದೊರೆತ 371(ಡಿ) ಮಾದರಿಯ ಸಂವಿಧಾನಾತ್ಮಕ ರಕ್ಷಣೆಯನ್ನೇ ಬೇಡಿತು.

ವಾಜಪೇಯಿ ಸರ್ಕಾರದ ಅವಧಿಯಲ್ಲಿ ನಿರಾಕರಿಸಲ್ಪಟ್ಟಿದ್ದ ಈ ಬೇಡಿಕೆಯು 2012ರಲ್ಲಿ ಎಲ್ಲ ಪಕ್ಷಗಳ ಒಪ್ಪಿಗೆ ಪಡೆಯಿತು. ರಾಜ್ಯದಲ್ಲಿ ಒಂದು ಪಕ್ಷ, ಕೇಂದ್ರದಲ್ಲಿ ಇನ್ನೊಂದು ಪಕ್ಷ ಅಧಿಕಾರದಲ್ಲಿದ್ದು, 2013ರ ವಿಧಾನಸಭಾ ಚುನಾವಣೆ ಸಮೀಪಿಸುತ್ತಿದ್ದ ಕಾಲವದು. ವಿರೋಧಿಸುವುದರಿಂದ ಯಾವ ಪಕ್ಷಕ್ಕೂ ಲಾಭವಿರಲಿಲ್ಲ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ 98ನೆಯ ತಿದ್ದುಪಡಿಯು 2013ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8ರಷ್ಟು ಸ್ಥಾನಗಳು ಸ್ಥಳೀಯರಿಗೆ ಮೀಸಲಾದವು. ಉದ್ಯೋಗದಲ್ಲಿಯೂ ಮೀಸಲಾತಿ ದೊರೆಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಂಜುಂಡಪ್ಪ ವರದಿಯ ಘಟಕ ತಾಲೂಕು. 371(ಜೆ)ಯ ಘಟಕ ಪ್ರದೇಶ. ಹಿಂದುಳಿದವೆಂದು ಗುರುತಿಸಲ್ಪಟ್ಟ 114 ತಾಲೂಕುಗಳಲ್ಲಿ 86 ಗುಲಬರ್ಗಾ ವಿಭಾಗದ ಹೊರಗಿದ್ದವು. ಅವುಗಳಲ್ಲಿ 18 ಅತ್ಯಂತ ಹಿಂದುಳಿದವು. ಅವು ಈ ರಕ್ಷಣೆಗೆ ಹೊರತಾದವು. ಹಿಂದುಳಿದ ಪಟ್ಟಿಯಲ್ಲಿರದ ವಿಭಾಗದ ಮೂರು ತಾಲೂಕುಗಳೂ ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿಯೂ ಒಳಗೊಂಡವು. ಚದುರಿದ ತಾಲೂಕುಗಳು ಒಂದು ಧ್ವನಿಯಾಗಿ ಸಂಘಟಿತವಾಗುವುದು ಕಷ್ಟ. ಸಮಾನ ಚರಿತ್ರೆ, ಸಮಾನ ಹೆಸರು ಉಳ್ಳ ಪ್ರದೇಶಕ್ಕೆ ಅದು ಸುಲಭ. ಮ್ಯಾನ್ಕರ್ ಓಲ್ಸನ್ 1965ರಲ್ಲಿ ಸಾಮೂಹಿಕ ಕ್ರಿಯೆಯ ಬಗೆಗೆ ಮಂಡಿಸಿದ ತರ್ಕವು ಇದನ್ನು ವಿವರಿಸುತ್ತದೆ: ಹಿತವು ಸಮಾನವಾಗಿದ್ದ ಮಾತ್ರಕ್ಕೆ ಸಂಘಟನೆ ಹುಟ್ಟುವುದಿಲ್ಲ.

ಪ್ರದೇಶದ ಒಳಗೂ ಇದೇ ಪ್ರಶ್ನೆ ಏಳುತ್ತದೆ. ಕಲಬುರಗಿ ನಗರದ ಅಂಚಿನ ಕೋಟನೂರಿನ ವಿದ್ಯಾರ್ಥಿಗೂ ದೂರದ ಹೋಬಳಿಯ ವಿದ್ಯಾರ್ಥಿಗೂ ಸ್ಥಳೀಯ ಪ್ರಮಾಣಪತ್ರದ ಬೆಲೆ ಒಂದೇ. ಆದರೆ ನಗರದ ಕಾಲೇಜು, ತರಬೇತಿ, ಕಚೇರಿಗಳ ಸಾಮೀಪ್ಯ ಇಬ್ಬರಿಗೂ ಒಂದೇ ಅಲ್ಲ. ನಿಯಮವು ಪ್ರದೇಶವನ್ನು ಕಾಣುತ್ತದೆ, ಪ್ರದೇಶದೊಳಗಿನ ಅಂತರವನ್ನು ಕಾಣುವುದಿಲ್ಲ.

ಇದರಿಂದ 371(ಜೆ)ಯ ಮಹತ್ವ ಕುಂದದು. 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ಮರುನಾಮಕರಣಗೊಂಡ ಈ ಪ್ರದೇಶದ ಮಂಡಳಿಗೆ 2023-24ರ ಆಯವ್ಯಯದಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾದುದರ ಹಿಂದೆ ಆ ನಿಯಮದ ಬಲವಿದೆ. 2024ರಲ್ಲಿ ರಾಜ್ಯ ಸರ್ಕಾರವು ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿಯನ್ನು ನೇಮಿಸಿತು. ಅಳತೆಗೋಲು ಮತ್ತೆ ಸಿದ್ಧವಾಗಬಹುದು. ಆದರೆ ಸಂಘಟಿತ ಧ್ವನಿಯಿಲ್ಲದ ತಾಲೂಕಿಗೂ ಆ ಅಳತೆಗೆ ತಕ್ಕ ಪಾಲು ದೊರೆಯುವಂತೆ ನಿಯಮ ರೂಪಿಸುವುದೇ ನೀತಿಯ ಮುಂದಿರುವ ಕಠಿಣ ಕಾರ್ಯವಾಗಿದೆ.