ಪಾದ್ರಿಗಳ ಸಂಸಾರವೂ ನಮ್ಮ ಎರಡು ತಾಲ್ಲೂಕುಗಳೂ

ಸಭೆಗಳ ಸ್ಮರಣ ಸಂಚಿಕೆಯಲ್ಲಿ ಚರಿತ್ರೆ ಎಂದರೆ ಬಹುಮಟ್ಟಿಗೆ ಪಾದ್ರಿಗಳ ಪಟ್ಟಿ, ಅಡಿಗಲ್ಲು ಇಟ್ಟ ತಾರೀಕು, ಗಂಟೆಗೋಪುರಕ್ಕೆ ದಾನ ಕೊಟ್ಟವರ ಹೆಸರು. ಬಂದವರು ಯಾರು, ಹೋದವರು ಯಾರು ಎಂಬುದು ಅದರಿಂದ ತಿಳಿಯುತ್ತದೆ. ಬಂದವರು ಏನು ಉಂಡರು, ಅವರ ಮಗುವಿಗೆ ಜ್ವರ ಬಂದಾಗ ಯಾರನ್ನು ಕರೆಸಿದರು, ಆ ಮಗು ಓದಲು ಎಲ್ಲಿಗೆ ಹೋಯಿತು ಎಂಬುದು ತಿಳಿಯುವುದಿಲ್ಲ. ಅಂಥ ಸಂಗತಿ ಸಭೆಯ ಚರಿತ್ರೆಗೆ ಬೇಡವಾದ ಮನೆವಾರ್ತೆ ಎಂದೇ ಎಲ್ಲರೂ ತಿಳಿದಿದ್ದಾರೆ. ಈ ಲೇಖನದ ಅಭಿಪ್ರಾಯ ಬೇರೆ. ಕಡಲಾಚೆಯಿಂದ ಸಂಸಾರ ಕಟ್ಟಿಕೊಂಡು ಬಂದ ಮಿಷನರಿಗಳ ಹಾಲು, ಔಷಧಿ, ಅಂಚೆ, ಮಕ್ಕಳ ಶಾಲೆ, ಇವೇ ದಕ್ಷಿಣ ಮೈಸೂರಿನಲ್ಲಿ ಮಿಷನ್ನಿನ ಕೇಂದ್ರ ಎಲ್ಲಿರಬೇಕು, ಅಂಚು ಎಲ್ಲಿರಬೇಕು ಎಂಬುದನ್ನು ಬಹಳ ಮಟ್ಟಿಗೆ ತೀರ್ಮಾನಿಸಿದವು. ಮೈಸೂರು ಕೇಂದ್ರವಾಯಿತು; ಚಾಮರಾಜನಗರ, ಗುಂಡ್ಲುಪೇಟೆಗಳು ಅಂಚಿನಲ್ಲಿ ಉಳಿದವು. ಈ ಎರಡು ತಾಲ್ಲೂಕುಗಳ ಕ್ರೈಸ್ತ ಚರಿತ್ರೆ ಬರೆಯುವವರು ಬಂಗಲೆಯ ಅಡುಗೆಮನೆಯನ್ನೂ ಒಮ್ಮೆ ಹೊಕ್ಕು ಬರಬೇಕು.

ಹಳೆಯ ಮೈಸೂರು ಸಂಸ್ಥಾನದಲ್ಲಿ ಕನ್ನಡದಲ್ಲಿ ಕೆಲಸಮಾಡಿದ ಪ್ರಾಟೆಸ್ಟಂಟ್ ಸಂಸ್ಥೆಗಳಲ್ಲಿ ಎರಡು ಮುಖ್ಯ: ಬೆಂಗಳೂರಿನಲ್ಲಿ ನೆಲೆಯೂರಿದ ಲಂಡನ್ ಮಿಷನ್, ಮತ್ತು ವೆಸ್ಲಿಯನ್ ಮಿಷನ್. ವೆಸ್ಲಿಯನ್ನರ ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ಮನೆ ಮಾಡಿದರು. ಮುಂದೆ ಮೈಸೂರು, ತುಮಕೂರು, ಹಾಸನಗಳಲ್ಲಿ ಆ ಮಿಷನ್ ಬೇರುಬಿಟ್ಟಿತು. ಮೈಸೂರಿನಿಂದ ಚಾಮರಾಜನಗರಕ್ಕಾಗಲಿ ಗುಂಡ್ಲುಪೇಟೆಗಾಗಲಿ ಇಂದಿನ ಲೆಕ್ಕದಲ್ಲಿ ಅರವತ್ತು ಕಿಲೋಮೀಟರಿನ ಆಸುಪಾಸು. ಬಸ್ಸಿನಲ್ಲಿ ಕುಳಿತವರಿಗೆ ಇದು ದೂರವಲ್ಲ. ಎತ್ತಿನ ಗಾಡಿಯ ಕಾಲದಲ್ಲಿ, ಮಡಿಲಲ್ಲಿ ಕೂಸು ಇಟ್ಟುಕೊಂಡ ತಾಯಿಗೆ ಅದು ನಡುವೆ ತಂಗಿ ಹೋಗಬೇಕಾದ ಪಯಣ. ಗಂಡಸೊಬ್ಬನಾದರೆ ಚಳಿಗಾಲದಲ್ಲಿ ಗುಡಾರ, ಪುಸ್ತಕದ ಪೆಟ್ಟಿಗೆ, ಅಡುಗೆಯವನನ್ನು ಕಟ್ಟಿಕೊಂಡು ಸಂತೆ, ಜಾತ್ರೆ ಸುತ್ತಿ ಬರಬಹುದು. ಮನೆ ಹೂಡುವುದೆಂದರೆ ಆ ಲೆಕ್ಕ ಬೇರೆ. ರಾಗಿ, ಜೋಳದ ಸೀಮೆಯಲ್ಲಿ ಗೋಧಿ ಬ್ರೆಡ್ಡು ಬೇಕೆಂದರೆ ಹಿಟ್ಟು ಹೊರಗಿನಿಂದ ಬರಬೇಕು, ಅದನ್ನು ಸುಡಬಲ್ಲವನು ಇರಬೇಕು. ಹಾಲಿಗೆ ನೀರು ಬೆರೆಯದಿರಬೇಕಾದರೆ ಹಸು ಕಾಂಪೌಂಡಿನೊಳಗೇ ಇರಬೇಕು. ಕುಡಿಯುವ ನೀರನ್ನು ದಿನವೂ ಕಾಯಿಸಿ, ಸೋಸಿ, ಮುಚ್ಚಿಡಬೇಕು. ಊರಿನಿಂದ ಬಂದ ಬಟ್ಟೆ ಈ ಬಿಸಿಲಿಗಲ್ಲ, ಗೆದ್ದಲು ಪುಸ್ತಕ ಬಿಡುವುದಿಲ್ಲ, ಭಾಷೆ ಬರುವ ತನಕ ಸಂತೆಯಲ್ಲಿ ಒಂದು ಮಡಕೆ ಕೊಳ್ಳಲೂ ಇನ್ನೊಬ್ಬರ ಬಾಯಿ ಬೇಕು. ಗಂಡನಿಗೆ ಮುನ್ಷಿ ಬಂದು ವ್ಯಾಕರಣ ಹೇಳಿಕೊಡುತ್ತಿದ್ದ. ಹೆಂಡತಿಯ ಕನ್ನಡ ಬಹುಪಾಲು ಆಯಾಳಿಂದ, ಅಡುಗೆಯವನಿಂದ ಕಲಿತದ್ದು.

ಎಲ್ಲಕ್ಕಿಂತ ದೊಡ್ಡ ಭಯ ಜ್ವರದ್ದು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ತಪ್ಪಲು ಮಲೇರಿಯಾದ ಸೀಮೆ. ಕಾಡಂಚಿನ ಊರುಗಳಲ್ಲಿ ನೆಲೆಯಾಗಿ ಉಳಿಯಲು ಹೊರಗಿನವರು ಹಿಂಜರಿಯುತ್ತಿದ್ದುದಕ್ಕೆ ಆನೆ, ಹುಲಿಗಳಿಗಿಂತ ಸೊಳ್ಳೆಯೇ ದೊಡ್ಡ ಕಾರಣ, ಆಗ ಅವರಿಗೆ ಸೊಳ್ಳೆಯ ಮೇಲೆ ಅನುಮಾನವೇ ಇರಲಿಲ್ಲ ಎಂಬುದು ಬೇರೆ ಮಾತು. ಆ ಜ್ವರದ ಮದ್ದು ಬೆಳೆದದ್ದು ಮೈಸೂರು-ಗುಂಡ್ಲುಪೇಟೆ ದಾರಿಯ ಮುಂದಿನ ಗುಡ್ಡದಲ್ಲಿ. ನೀಲಗಿರಿಯಲ್ಲಿ 1860ರಿಂದ ಸರ್ಕಾರ ಸಿಂಕೋನಾ ಗಿಡ ಹಾಕಿಸಿತು. ಅದರ ಮುಖ್ಯ ತೋಟಗಳಲ್ಲೊಂದಾದ ನಡುವಟ್ಟಂ, ಗುಂಡ್ಲುಪೇಟೆಯಿಂದ ಗೂಡಲೂರಿನ ಮೇಲೆ ಊಟಿಗೆ ಹೋಗುವ ಹಾದಿಯಲ್ಲೇ ಇದೆ. ಕ್ವಿನೈನ್ ಕೈಗೆಟುಕಿದ ಮೇಲೂ ಬೇಸಿಗೆ ಬಂತೆಂದರೆ ಮಿಷನರಿ ಸಂಸಾರಗಳು ಬೆಟ್ಟದ ಕಡೆ ಮುಖಮಾಡುತ್ತಿದ್ದವು. ಮೈಸೂರಿನಿಂದ ನೀಲಗಿರಿಗೆ ಹತ್ತುವವರಿಗೆ ಗುಂಡ್ಲುಪೇಟೆ ದಾರಿಯ ತಂಗುದಾಣ. ಹಾದುಹೋಗುವವರನ್ನು ಈ ಊರು ಬೇಕಾದಷ್ಟು ಕಂಡಿದೆ. ನಿಂತವರನ್ನು ಕಂಡದ್ದು ಕಡಿಮೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಮೈಸೂರು ರಾಜಧಾನಿ, ಅರಮನೆಯ ಆಶ್ರಯ, ಜನಸಂಖ್ಯೆ, ರೈಲು ಎಲ್ಲವೂ ಅಲ್ಲಿತ್ತು. ಚಾಮರಾಜನಗರಕ್ಕೆ ರೈಲು ತಲುಪಿದ್ದು ಎಷ್ಟೋ ತಡವಾಗಿ. ಹೀಗಿರುವಾಗ ಮಿಷನ್ ಮೈಸೂರಿನಲ್ಲಿ ನೆಲೆಸಿದ್ದಕ್ಕೆ ಹೆಂಡತಿ, ಮಕ್ಕಳನ್ನು ಕಾರಣ ಮಾಡುವುದೇಕೆ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಸಂಸಾರವಿಲ್ಲದೆ ಬಂದ ಮಿಷನರಿಗಳು ಎಲ್ಲಿ ನಿಂತರು ಎಂದು ನೋಡಿದರೆ ಅದು ಪೂರ್ತಿ ಉತ್ತರವಲ್ಲ ಎಂದು ಗೊತ್ತಾಗುತ್ತದೆ. ಪ್ಯಾರಿಸ್ ಮಿಷನ್ನಿನ ಅಬ್ಬೆ ದುಬಾಯ್, ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಕಡೆಗೆ ಬಂದು, 1823ರಲ್ಲಿ ದೇಶ ಬಿಡುವ ತನಕ ಇಲ್ಲಿಯವರ ಉಡುಗೆ ಉಟ್ಟು, ಇಲ್ಲಿಯ ಊಟ ಉಂಡು ಹಳ್ಳಿ ಹಳ್ಳಿ ತಿರುಗಿದರು. ಹಾಸನ ಸೀಮೆಯ ಸತ್ಹಳ್ಳಿಯಲ್ಲಿ ಒಕ್ಕಲು ಮಕ್ಕಳ ನೆಲೆ ಕಟ್ಟಿದರು. ಸಿಡುಬಿನ ಲಸಿಕೆ ಹಾಕಿಸಿದರು. ಅವರ ನಂತರದ ಫ್ರೆಂಚ್ ಪಾದ್ರಿಗಳು ಚರ್ಚು ಕಟ್ಟಿದ ಶೆಟ್ಟಿಹಳ್ಳಿಯೂ ಹಳ್ಳಿಯೇ. ನಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ನೋಡಿ: ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಕಾಮಗೆರೆಯಲ್ಲಿ ಹೋಲಿ ಕ್ರಾಸ್ ಆಸ್ಪತ್ರೆ ನಡೆಸಿದವರು ಸಿಸ್ಟರುಗಳು. ರಾಜಧಾನಿಯ ಸೆಳೆತ ಅವರಿಗೂ ಇತ್ತು. ಆದರೂ ಕಾಮಗೆರೆಯಲ್ಲಿ ಉಳಿಯುವುದು ಅವರಿಗೆ ಸಾಧ್ಯವಾಯಿತು. ಆರು ವರ್ಷದ ಮಗುವನ್ನು ಯಾವ ಶಾಲೆಗೆ ಸೇರಿಸುವುದು ಎಂಬ ಚಿಂತೆ ಅವರಿಗಿರಲಿಲ್ಲ. ಹಾಗೆಂದು ಬ್ರಹ್ಮಚರ್ಯ ಮೇಲು, ಸಂಸಾರ ಕೀಳು ಎಂದು ಹೇಳುತ್ತಿಲ್ಲ. ಒಂದೊಂದು ಬಗೆಯ ಬಾಳು ಒಂದೊಂದು ಬಗೆಯ ನಕ್ಷೆ ಬರೆಯುತ್ತದೆ, ಅಷ್ಟೆ.

ಬಾಸೆಲ್ ಮಿಷನ್ನಿನ ಕೇತಿ ಠಾಣ್ಯವೂ ಇದೇ ಮಾತಿಗೆ ಸಾಕ್ಷಿ. ಮಂಗಳೂರಿನಲ್ಲಿ 1834ರಲ್ಲಿ ಕೆಲಸ ಆರಂಭಿಸಿದ ಆ ಮಿಷನ್, 1840ರ ದಶಕದಲ್ಲಿ ನೀಲಗಿರಿಯ ಕೇತಿಗೆ ಏರಿತು. ಕಂಪನಿಯ ಅಧಿಕಾರಿಯಾಗಿದ್ದ ಕ್ಯಾಸಮೇಜರ್ ಅವರ ಆಸ್ತಿಯ ನೆರವು ಅಲ್ಲಿ ಸಿಕ್ಕಿತು; ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಎನ್ನುವ ಬಡಗರ ನಡುವೆ ಕನ್ನಡ ಬಲ್ಲ ಮಿಷನರಿಗಳು ಕೆಲಸ ಮಾಡಿದರು. ಸುವಾರ್ತೆಯ ದೃಷ್ಟಿಯಿಂದ ಬಡಗರೂ ಗುಂಡ್ಲುಪೇಟೆಯ ಒಕ್ಕಲಿಗರೂ ಸಮಾನ ದೂರದವರೇ. ಆದರೆ ತಂಪು ಗಾಳಿಯಿದ್ದದ್ದು ಮೇಲೆ, ಜ್ವರವಿದ್ದದ್ದು ಕೆಳಗೆ. ಕಾಯಿಲೆ ಬಿದ್ದ ಕುಟುಂಬಗಳು ಚೇತರಿಸಿಕೊಳ್ಳಲು ಕೇತಿ ಆಸರೆಯಾಯಿತು. ದೇಹ ಒಪ್ಪದ ಕಡೆ ಕೆಲಸ ನೆಲೆಯೂರುವುದಿಲ್ಲ ಎಂಬುದನ್ನು ಮಂಗಳೂರಿನವರೇ ಚೆನ್ನಾಗಿ ಬಲ್ಲರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್, 1860ರಲ್ಲಿ ಭಾರತ ಬಿಟ್ಟದ್ದು ಹೆಂಡತಿಯ ಅನಾರೋಗ್ಯದ ಕಾರಣದಿಂದ. ನಿಘಂಟಿನ ಕಿಟ್ಟೆಲ್ ಅವರ ಮೊದಲ ಪತ್ನಿ ಪೌಲಿನ್, ಮದುವೆಯಾಗಿ ಕೆಲವೇ ವರ್ಷಕ್ಕೆ ತೀರಿಕೊಂಡರು. ಆಮೇಲೆ ಅವರು ಪೌಲಿನ್ನರ ಸಹೋದರಿ ಜೂಲಿಯವರನ್ನು ಮದುವೆಯಾದರು. 1894ರ ಆ ಮಹಾ ನಿಘಂಟಿನ ಹಿಂದೆ ತಾಯಿಯಿಲ್ಲದ ಮಕ್ಕಳನ್ನು ಸಾಕಿದ ಒಂದು ಮನೆಯೂ ಇದೆ.

ಮಕ್ಕಳ ವಿಷಯಕ್ಕೆ ಬಂದರೆ ಮಿಷನ್ನಿನ ಇಡೀ ವ್ಯವಸ್ಥೆ ಗಡಸಾಗಿತ್ತು. ಬಾಸೆಲ್ ಮಿಷನ್ 1850ರ ದಶಕದಿಂದ ಬಾಸೆಲ್ ನಗರದಲ್ಲಿ ಮಿಷನರಿಗಳ ಮಕ್ಕಳಿಗೆಂದೇ ಒಂದು ಮನೆ ನಡೆಸಿತು. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಹಡಗು ಹತ್ತಿಸಿ ಅಲ್ಲಿಗೆ ಕಳಿಸಬೇಕು. ಮತ್ತೆ ಮುಖ ನೋಡುವುದು ಎಷ್ಟೋ ವರ್ಷದ ಮೇಲೆ, ಕೆಲವೊಮ್ಮೆ ನೋಡುವುದೇ ಇಲ್ಲ. ಅದೇ ಮಿಷನ್ನಿನ ಹರ್ಮನ್ ಗುಂಡರ್ಟ್ ಮತ್ತು ಜೂಲಿ ದಂಪತಿಯ ಮಗಳು ಮಾರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಯುರೋಪಿನಲ್ಲಿ ಉಳಿದು, ಹದಿಹರೆಯದಲ್ಲಿ ಮತ್ತೆ ತಂದೆತಾಯಿಯ ಬಳಿಗೆ ಬಂದರು. ಮುಂದೆ ಅವರ ಮಗನೇ ಕಾದಂಬರಿಕಾರ ಹರ್ಮನ್ ಹೆಸ್. ಇಂಗ್ಲೆಂಡಿನಲ್ಲೂ ಮಿಷನರಿಗಳ ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶಾಲೆಗಳಿದ್ದವು. ಸೂಯೆಜ್ ಕಾಲುವೆ ತೆರೆದ 1869ರ ಮೊದಲು ಆಫ್ರಿಕಾ ಸುತ್ತಿ ಬರುವ ಹಡಗಿನ ಪಯಣಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತಿದ್ದಾಗ, ಮಗುವಿನ ಕಾಯಿಲೆಯ ಸುದ್ದಿ ಬರುವ ವೇಳೆಗೆ ಮಗು ಗುಣವಾಗಿರುತ್ತಿತ್ತು ಅಥವಾ ಮಣ್ಣಾಗಿರುತ್ತಿತ್ತು. ಇದನ್ನು ತ್ಯಾಗ ಎಂದು ಹೊಗಳಿದ ಬರಹ ಬೇಕಾದಷ್ಟಿದೆ. ಆ ತ್ಯಾಗ ಮಾಡಿದವರು ತಂದೆತಾಯಿಯೋ, ಕೇಳದೆಯೇ ಮಾಡಿಸಿಕೊಂಡ ಮಕ್ಕಳೋ ಎಂದು ಯೋಚಿಸಿದವರು ಕಡಿಮೆ.

ಈ ಮಕ್ಕಳ ಕಥೆ ನಮ್ಮ ತಾಲ್ಲೂಕುಗಳಿಗೆ ನೇರವಾಗಿ ಬಂದು ತಾಗುವ ಒಂದು ಕಡೆಯಿದೆ. ಲಂಡನ್ ಮಿಷನ್ನಿನ ಬೆಂಜಮಿನ್ ಹೋಲ್ಟ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದರು. ಅದೇ ವರ್ಷ ಅಲ್ಲಿ ಹುಟ್ಟಿದ ಮಗ ಬೆಂಜಮಿನ್ ಲೂಯಿ ರೈಸ್. ಈ ಹುಡುಗನೂ ಓದಿದ್ದು ಇಂಗ್ಲೆಂಡಿನಲ್ಲೇ. 1860ರಲ್ಲಿ ಬೆಂಗಳೂರಿಗೆ ಮರಳಿದ್ದು ಪಾದ್ರಿಯಾಗಿ ಅಲ್ಲ, ಶಾಲೆಯ ಮುಖ್ಯಸ್ಥನಾಗಿ. ಮುಂದೆ ಮೈಸೂರು ಪುರಾತತ್ವ ಇಲಾಖೆಯನ್ನು ಕಟ್ಟಿ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳನ್ನು ಹೊರತಂದರು. ಅದರ ನಾಲ್ಕನೆಯ ಸಂಪುಟದಲ್ಲಿ, 1898ರಲ್ಲಿ, ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಮೊದಲ ಬಾರಿಗೆ ಒಟ್ಟಾಗಿ ಅಚ್ಚಾದವು. ಈ ಸೀಮೆಯ ವೀರಗಲ್ಲು, ದತ್ತಿಶಾಸನಗಳನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂದಿಗೂ ಆ ಪುಟಗಳಿಂದಲೇ ಶುರುಮಾಡಬೇಕು. ಮಿಷನ್ನಿನ ಯಾವ ಪ್ರವಾಸಿ ಪಾದ್ರಿಯೂ ಈ ಎರಡು ತಾಲ್ಲೂಕುಗಳಿಗೆ ಇಷ್ಟು ಬಾಳುವ ಕೆಲಸ ಮಾಡಿಲ್ಲ ಎಂದರೆ ಸಭೆಯವರಿಗೆ ಕಸಿವಿಸಿಯಾಗಬಹುದು. ನನಗೆ ತೋರುವುದು ಹಾಗೆಯೇ. ಬಂಗಲೆಯ ತೊಟ್ಟಿಲಲ್ಲಿ ಕನ್ನಡ ಕಿವಿಗೆ ಬಿದ್ದ ಮಗುವಿನಿಂದ ಅದು ಆಯಿತು. ಅವರ ತಮ್ಮ ಎಡ್ವರ್ಡ್ ಪೀಟರ್ ರೈಸ್ ತಂದೆಯ ಮಿಷನ್ನಿಗೇ ಸೇರಿ, ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆ ಬರೆದರು.

ಹೆಂಗಸರ ಮಾತು ಎತ್ತಿದರೆ, ಅವರು ಗಂಡನಿಗೆ ನೆರವಾದರು ಎಂಬ ಒಂದು ಸಾಲಿನಲ್ಲಿ ಹಳೆಯ ವರದಿಗಳು ಮುಗಿಸಿಬಿಡುತ್ತವೆ. ನಡೆದದ್ದು ಹಾಗಲ್ಲ. 1840ರ ದಶಕದ ಆರಂಭದಲ್ಲಿ ಬೆಂಗಳೂರು ಪೇಟೆಯಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು ರೈಸ್, ಸೂವೆಲ್ ಪಾದ್ರಿಗಳ ಪತ್ನಿಯರು. ಗಂಡಸರಿಗೆ ಹೊಸಿಲು ದಾಟಲಾಗದ ಮನೆಗಳ ಒಳಕ್ಕೆ ಹೋದವರೂ ಹೆಂಗಸರೇ. ಹೆರಿಗೆಯಲ್ಲಿ ಜೀವ ಹೋಗುವುದನ್ನು ಕಂಡವರು ಅವರು. ಹೆಂಗಸರಿಗೆಂದೇ ವೈದ್ಯೆಯರು ಬೇಕೆಂಬ ಮಾತು ಬಲವಾದದ್ದು ಅಂಥ ಅನುಭವದಿಂದ. ಮೈಸೂರಿನಲ್ಲಿ 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ಹೆಸರು ಪಡೆದದ್ದು ವೆಸ್ಲಿಯನ್ ಪಾದ್ರಿಯ ಪತ್ನಿ ಮೇರಿ ಕಾಲ್ವರ್ಟ್ ಹೋಲ್ಡ್ಸ್‌ವರ್ತ್ ಅವರ ಸ್ಮರಣೆಯಲ್ಲಿ. ನಂಜನಗೂಡಿನ ಆಚೆಯ ಹಳ್ಳಿಗಳಿಂದ ಬಸುರಿ, ಬಾಣಂತಿಯರು ದಾರಿ ಸವೆಸಿದ್ದು ಅಲ್ಲಿಗೆ. ನಮ್ಮ ತಾಲ್ಲೂಕುಗಳ ಎಷ್ಟೋ ಮನೆಗಳಿಗೆ ಮಿಷನ್ನಿನ ಪರಿಚಯ ಉಪದೇಶದಿಂದಲ್ಲ, ಆ ಆಸ್ಪತ್ರೆಯ ಹೆರಿಗೆ ವಾರ್ಡಿನಿಂದ.

ಇನ್ನೊಂದು ಆಕ್ಷೇಪ ಇದಕ್ಕಿಂತ ಹರಿತವಾದದ್ದು. ಬಂಗಲೆ, ಬಟ್ಲರ್, ಆಯಾ, ದೋಬಿ, ಕುದುರೆಗಾಡಿ ಇಟ್ಟುಕೊಂಡವರ ಕಷ್ಟವನ್ನು ಕಷ್ಟವೆಂದು ಬರೆಯುವುದೇ ಸರಿಯೇ? 1876ರಿಂದ 78ರವರೆಗಿನ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅನಾಥ ಮಕ್ಕಳನ್ನು ವೆಸ್ಲಿಯನ್ನರು ಹಾಸನ, ತುಮಕೂರುಗಳಲ್ಲಿ ಸಾಕಿದರು, ನಿಜ. ಆದರೆ ಅವರ ಊಟದ ಮೇಜು ಬರಿದಾಗಿರಲಿಲ್ಲ. ಈ ಮಾತನ್ನು ತಳ್ಳಿಹಾಕಲಾಗದು, ತಳ್ಳಿಹಾಕಬೇಕಾಗಿಯೂ ಇಲ್ಲ. ದೊರೆಗಳ ಚರ್ಮದ ಬಣ್ಣ ಅವರಿಗೂ ಇತ್ತು, ಅದರ ಅನುಕೂಲವನ್ನು ಅವರೂ ಉಂಡರು. ಆದರೆ ಬಂಗಲೆಯನ್ನು ಚರಿತ್ರೆಯಿಂದ ಬಿಟ್ಟುಬಿಟ್ಟರೆ ಈ ಅಸಮಾನತೆಯೂ ಕಾಣದೆ ಹೋಗುತ್ತದೆ. ಅಡುಗೆಯವನು, ಆಯಾ ಇಲ್ಲದೆ ಆ ಸಂಸಾರ ಒಂದು ವಾರ ನಡೆಯುತ್ತಿರಲಿಲ್ಲ. ಅವರ ಹೆಸರು ಯಾವ ಅಡಿಗಲ್ಲಿನಲ್ಲೂ ಇಲ್ಲ. ಬಂಗಲೆಯ ಅಗತ್ಯಗಳನ್ನು ಪಟ್ಟಿಮಾಡಿದಾಗಲೇ ಪಕ್ಕದ ಉಪದೇಶಿಯ ಮನೆಯಲ್ಲಿ ಅವೇ ಅಗತ್ಯಗಳಿಗೆ ಏನಿತ್ತು ಎಂಬ ಪ್ರಶ್ನೆ ಹುಟ್ಟುವುದು.

ಅಲ್ಲಿ ಇದ್ದದ್ದು ಬಹಳ ಕಡಿಮೆ. ಹೊರದೇಶದ ಕುಟುಂಬ ಹಾದುಹೋದ ಊರುಗಳಲ್ಲಿ ನಿಂತವರು ಕನ್ನಡದ ಉಪದೇಶಿಗಳು, ಶಾಲಾ ಮೇಷ್ಟ್ರುಗಳು, ಬೈಬಲ್ ಸ್ತ್ರೀಯರು. ಅವರಿಗೆ ಬೆಟ್ಟದ ಬೇಸಿಗೆಯಿಲ್ಲ, ಊರಿಗೆ ಮರಳುವ ರಜೆಯಿಲ್ಲ, ಸಂಬಳ ಪಾದ್ರಿಯದ್ದರ ಒಂದು ಸಣ್ಣ ಪಾಲು. ಜಾತಿ ಬಿಟ್ಟು ಬಂದವರಿಗೆ ಊರ ಬಾವಿ, ಬಾಡಿಗೆ ಮನೆ, ಮಗಳಿಗೆ ವರ ಎಲ್ಲವೂ ಕಷ್ಟ. ತಮ್ಮ ನಾಡಿನಲ್ಲೇ ಹೊರದೇಶದವರಂತೆ ಬಾಳಿದ ಸಂಸಾರಗಳೆಂದರೆ ಇವು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡು, ವೆಸ್ಲಿಯನ್ ಮತ್ತು ಲಂಡನ್ ಮಿಷನ್ನಿನ ಸಭೆಗಳು ಒಂದಾದ ಮೇಲೆ ಮಿಷನ್ನಿನ ಭಾರ ಹೆಚ್ಚು ಹೆಚ್ಚಾಗಿ ಇವರ ಮಕ್ಕಳು, ಮೊಮ್ಮಕ್ಕಳ ಹೆಗಲಿಗೆ ಬಂತು. ಕೊಳ್ಳೇಗಾಲ 1956ರ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ, ಇಂದಿನ ಜಿಲ್ಲೆಯ ಚರಿತ್ರೆ ಬರೆಯುವವರು ಗಡಿಯ ಎರಡೂ ಬದಿಯ ದಾಖಲೆ ಹುಡುಕಬೇಕಾಗುತ್ತದೆ. ದೀಕ್ಷಾಸ್ನಾನ, ಮದುವೆ, ಸಮಾಧಿ ರಿಜಿಸ್ಟರುಗಳಲ್ಲಿ ಉಪದೇಶಿಗಳ ಹೆಂಡತಿ ಮಕ್ಕಳ ಹೆಸರು ಸಿಗುವ ಸಾಧ್ಯತೆ ಇದೆ; ಮಿಷನ್ನಿನ ಇಂಗ್ಲಿಷ್ ವರದಿಗಳಲ್ಲಿ ಹುಡುಕಿ ಪ್ರಯೋಜನ ಕಡಿಮೆ.

ಈಗ ಹೊರಡುವವರು ನಮ್ಮವರೇ. ದಕ್ಷಿಣದ ಸಭೆಗಳು ಉತ್ತರದ, ಈಶಾನ್ಯದ ರಾಜ್ಯಗಳಿಗೆ ಸೇವೆಗೆ ಕುಟುಂಬಗಳನ್ನು ಕಳಿಸುತ್ತಿವೆ. ಅವರ ಮುಂದೆ ಇರುವುದೂ ಹಾಡ್ಸನ್ ಕಾಲದ ಪ್ರಶ್ನೆಗಳೇ: ಜ್ವರ ಬಂದರೆ ಹತ್ತಿರದ ಡಾಕ್ಟರು ಎಲ್ಲಿ, ಮುಪ್ಪಾದ ತಂದೆತಾಯಿಯನ್ನು ಊರಲ್ಲಿ ಯಾರು ನೋಡಿಕೊಳ್ಳುತ್ತಾರೆ, ಮಗು ಯಾವ ಭಾಷೆಯಲ್ಲಿ ಓದಬೇಕು. ತಮಿಳುನಾಡಿನ ದೋಣಾವೂರಿನಲ್ಲಿ ಇಂಥ ಕುಟುಂಬಗಳ ಮಕ್ಕಳಿಗಾಗಿ ಸಂತೋಷ ವಿದ್ಯಾಲಯ ಎಂಬ ವಸತಿ ಶಾಲೆಯೇ ಇದೆ. ಚಾಮರಾಜನಗರದ ಸಭೆಯೊಂದು ನಾಳೆ ಒಂದು ಕುಟುಂಬವನ್ನು ಕಳಿಸಲು ತೀರ್ಮಾನಿಸಿದರೆ, ವಿದಾಯದ ಆರಾಧನೆಗೂ ಹಾರಕ್ಕೂ ಮೊದಲು ಸಮಿತಿಯ ಮೇಜಿನ ಮೇಲೆ ಇರಬೇಕಾದದ್ದು ಆ ಮಕ್ಕಳ ಶಾಲೆಯ ಫೀಜಿನ ಲೆಕ್ಕ ಮತ್ತು ಆ ತಾಯಿಗೂ ಒಂದು ಸಂಬಳ ಉಂಟೇ ಎಂಬ ಪ್ರಶ್ನೆ.