ಲೊಜ್ಬಾನ್ ಭಾಷೆಯಲ್ಲಿ ‘ಬಹಳ’ದ ಚರಿತ್ರೆ

ತರ್ಕಶಾಸ್ತ್ರವನ್ನೇ ವ್ಯಾಕರಣದ ತಳಹದಿಯಾಗಿ ಇಟ್ಟುಕೊಂಡ ಭಾಷೆಯೊಂದನ್ನು ಕಟ್ಟಲು ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ತೊಡಗಿದಾಗ, ಭಾಷೆಯ ರಚನೆಯು ಅದನ್ನಾಡುವವರ ಆಲೋಚನೆಯನ್ನು ರೂಪಿಸುತ್ತದೆ ಎಂಬ ಸಪೀರ್ ಮತ್ತು ವೋರ್ಫ್ ಹೆಸರಿನ ಊಹೆಯನ್ನು ಪರೀಕ್ಷಿಸುವುದು ಅವರ ಉದ್ದೇಶವಾಗಿತ್ತು. ಲೊಗ್ಲಾನ್ ಎಂದು ಹೆಸರಿಟ್ಟ ಆ ಭಾಷೆಯನ್ನು ಅವರು 1960ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಮೂಲಕ ಓದುಗರಿಗೆ ಪರಿಚಯಿಸಿದರು. ಮುಂದೆ ಭಾಷೆಯ ಒಡೆತನದ ಬಗ್ಗೆ ಜಗಳವೆದ್ದು, 1987ರಲ್ಲಿ ಬೇರೆಯಾದ ಗುಂಪು ಇಡೀ ಶಬ್ದಸಂಪತ್ತನ್ನು ಹೊಸದಾಗಿ ಕಟ್ಟಿಕೊಂಡು ತನ್ನ ಭಾಷೆಗೆ ಲೊಜ್ಬಾನ್ ಎಂದು ಹೆಸರಿಟ್ಟಿತು. ಚೀನೀ, ಇಂಗ್ಲಿಷ್, ಹಿಂದಿ, ಸ್ಪ್ಯಾನಿಷ್, ರಷ್ಯನ್, ಅರಬ್ಬಿ ಎಂಬ ಆರು ಭಾಷೆಗಳ ಧ್ವನಿಗಳನ್ನು ಬೆರೆಸಿ 1,300ಕ್ಕೂ ಹೆಚ್ಚು ಮೂಲಪದಗಳನ್ನು ಮಾಡಲಾಯಿತು. ಜಾನ್ ಕೋವನ್ ಬರೆದ ಅಧಿಕೃತ ವ್ಯಾಕರಣ ಗ್ರಂಥ 1997ರಲ್ಲಿ ಹೊರಬಂತು.

ನಾಮಪದ, ಗುಣವಾಚಕ, ಕ್ರಿಯಾವಿಶೇಷಣ ಎಂಬ ವಿಭಾಗವೇ ಇಲ್ಲದ ಈ ಭಾಷೆಯಲ್ಲಿ ‘ಬಹಳ’, ‘ತುಸು’, ‘ಅತಿ’ ಮುಂತಾದ ಪ್ರಮಾಣಸೂಚಕಗಳಿಗೆ ಪ್ರತ್ಯೇಕ ವರ್ಗವೂ ಇಲ್ಲ. ಇಲ್ಲಿನ ಮೂಲಪದಗಳೆಲ್ಲ ವಿಧೇಯಗಳು, ಅಂದರೆ ಒಂದು ಸಂಬಂಧವನ್ನು ಹೇಳಿ, ಆ ಸಂಬಂಧದಲ್ಲಿ ಪಾಲ್ಗೊಳ್ಳುವ ವಸ್ತುಗಳಿಗೆ ನಿಗದಿತ ಸ್ಥಾನಗಳನ್ನು ತೆರೆದಿಡುವ ಪದಗಳು. ‘ದೊಡ್ಡದು’ ಎಂಬರ್ಥದ ‘ಬರ್ದಾ’ಗೆ ಮೂರು ಸ್ಥಾನಗಳಿವೆ: ಯಾವುದು ದೊಡ್ಡದು, ಯಾವ ಗುಣದಲ್ಲಿ ದೊಡ್ಡದು, ಯಾವ ಮಾನದಂಡಕ್ಕೆ ಹೋಲಿಸಿದರೆ ದೊಡ್ಡದು. ‘ಬಹಳ’ಕ್ಕೆ ಹತ್ತಿರವಾದ ‘ಮುತ್ಶೆ’ಯೂ ಇಂಥದೇ ವಿಧೇಯ, ಯಾವ ಗುಣದಲ್ಲಿ, ಯಾವ ತುದಿಯ ಕಡೆಗೆ ಎಂಬುದನ್ನು ಅದು ಕೇಳುತ್ತದೆ. ‘ದುಕ್ಸೆ’ ಎಂದರೆ ಮಿತಿಮೀರಿದ್ದು. ಆದರೆ ಯಾರ ಅಥವಾ ಯಾವ ಅಳತೆಗೋಲಿನಲ್ಲಿ ಮೀರಿತೆಂಬುದಕ್ಕೂ ಅದರಲ್ಲಿ ಒಂದು ಸ್ಥಾನ ಕಾದಿರುತ್ತದೆ. ‘ಮಿಗಿಲು’ ಎಂಬ ‘ಜ್ಮಾದು’ವಿಗೆ ನಾಲ್ಕು ಸ್ಥಾನಗಳಿದ್ದು, ಅಣ್ಣ ತಮ್ಮನಿಗಿಂತ ಎತ್ತರದಲ್ಲಿ ನಾಲ್ಕು ಅಂಗುಲ ಮಿಗಿಲೆಂದು ಒಂದೇ ವಿಧೇಯದಲ್ಲಿ ಹೇಳಬಹುದು. ಸ್ಥಾನಗಳನ್ನು ತುಂಬದೆ ಬಿಟ್ಟರೆ ವ್ಯಾಕರಣ ಆಕ್ಷೇಪಿಸುವುದಿಲ್ಲವಾದ್ದರಿಂದ, ಈ ಕಟ್ಟುನಿಟ್ಟು ಹೊರಗಿನವರು ಭಾವಿಸುವಷ್ಟು ಕಠಿಣವಲ್ಲ.

ನಿತ್ಯದ ಬಳಕೆಯಲ್ಲಿ ಪ್ರಮಾಣವನ್ನು ಹೇಳುವ ಸುಲಭ ದಾರಿ ‘ತಾನ್ರು’, ಅಂದರೆ ಎರಡು ವಿಧೇಯಗಳನ್ನು ಅಕ್ಕಪಕ್ಕದಲ್ಲಿಟ್ಟು ಮೊದಲನೆಯದು ಎರಡನೆಯದನ್ನು ವಿಶೇಷಿಸುವಂತೆ ಮಾಡುವುದು; ಕನ್ನಡದಲ್ಲಿರುವಂತೆ ಇಲ್ಲಿಯೂ ವಿಶೇಷಣವೇ ಮುಂದೆ. ‘ಮೆಲ್ಬಿ’ ಎಂದರೆ ಸುಂದರ, ‘ಮುತ್ಶೆ ಮೆಲ್ಬಿ’ ಬಹಳ ಸುಂದರ, ‘ಮಿಲ್ಖೆ ಮೆಲ್ಬಿ’ ತಕ್ಕಮಟ್ಟಿಗೆ ಸುಂದರ. ಪದಗಳು ಮೂರಾದರೆ ಮೊದಲೆರಡು ಮೊದಲು ಕೂಡಿಕೊಳ್ಳುವುದು ನಿಯಮ. ಆದ್ದರಿಂದ ‘ಮುತ್ಶೆ ಮೆಲ್ಬಿ’ಯ ನಂತರ ಮನೆ ಎಂಬರ್ಥದ ‘ಜ್ದಾನಿ’ ಸೇರಿದರೆ ‘ಬಹಳ’ವು ಸೌಂದರ್ಯಕ್ಕೆ ಸಲ್ಲುತ್ತದೆ. ಈ ಕೂಡಿಕೆಯನ್ನು ಬದಲಿಸಲು ‘ಬೊ’ದಂಥ ಕಿರುಪದಗಳಿವೆ. ಸುಂದರ, ಪುಟ್ಟ, ಹುಡುಗಿ, ಶಾಲೆ ಎಂಬ ನಾಲ್ಕೇ ಪದಗಳನ್ನು ನಲವತ್ತು ಬಗೆಯಲ್ಲಿ ಜೋಡಿಸಬಹುದೆಂದು ಕೋವನ್ ಅವರ ಗ್ರಂಥ ಪಟ್ಟಿಮಾಡಿ ತೋರಿಸುತ್ತದೆ. ಹೀಗೆ ರಚನೆಯಲ್ಲಿ ಸಂದಿಗ್ಧತೆಗೆ ಎಡೆಗೊಡದ ಭಾಷೆಯು ತಾನ್ರುವಿನ ಅರ್ಥವನ್ನು ಮಾತ್ರ ಉದ್ದೇಶಪೂರ್ವಕವಾಗಿ ಸಡಿಲವಾಗಿ ಬಿಟ್ಟಿರುವುದು ದೋಷವಲ್ಲ, ವಿವೇಕ. ಅರ್ಥವೂ ಖಚಿತವಾಗಬೇಕೆಂದಾಗ ಪದಗಳ ತುಣುಕುಗಳನ್ನು ಬೆಸೆದು ಸಮಾಸ ಕಟ್ಟಲಾಗುತ್ತದೆ: ಒಳ್ಳೆಯದು ಎಂಬ ‘ಖಮ್ಗು’ವಿನಿಂದ ‘ಖಗ್ಮೌ’ ಅಂದರೆ ಮೇಲಾದುದು, ‘ಖಗ್ರೈ’ ಅಂದರೆ ಎಲ್ಲಕ್ಕಿಂತ ಮೇಲಾದುದು.

ಭಾವನೆಯ ತೀವ್ರತೆಗೆ ಈ ಭಾಷೆ ಬೇರೆಯದೇ ಏರ್ಪಾಡು ಮಾಡಿಕೊಂಡಿದ್ದು, ಅದರ ಕೌಶಲ ಹೆಚ್ಚು ಮೆರೆಯುವುದೂ ಇಲ್ಲಿಯೇ. ಸಂತೋಷವನ್ನು ಸೂಚಿಸುವ ‘ವೀ’ ಎಂಬ ಉದ್ಗಾರಕ್ಕೆ ‘ಶೈ’ ಸೇರಿದರೆ ಪರಮಾವಧಿ, ‘ಸೈ’ ಸೇರಿದರೆ ಪ್ರಬಲ, ‘ರುಹೆ’ ಸೇರಿದರೆ ಮಂದ. ‘ಶುಹಿ’ ತಟಸ್ಥ ಸ್ಥಿತಿ. ‘ನೈ’ ಸೇರಿದಾಗ ಭಾವವು ತಿರುಗಿ ದುಃಖವಾಗಿ, ಅದೇ ಮೂರು ಮಟ್ಟಗಳು ಆ ಕಡೆಗೂ ಮುಂದುವರಿಯುತ್ತವೆ. ಒಟ್ಟು ಏಳು ಮೆಟ್ಟಿಲುಗಳಾದವು. ಉದ್ಗಾರದ ನಂತರ ‘ಪೇ’ ಎಂದರೆ ಅದು ಪ್ರಶ್ನೆ; ‘ಒಪ್ಪಿಗೆ ಎಷ್ಟರಮಟ್ಟಿಗೆ?’ ಎಂದು ಕೇಳಿದವರಿಗೆ ‘ಸೈ’ ಅಥವಾ ‘ರುಹೆ’ ಎಂಬ ಒಂದೇ ಕಿರುಪದ ಉತ್ತರವಾಗಬಲ್ಲದು. ಆದರೆ ಈ ಮೆಟ್ಟಿಲುಗಳು ಹೇಳುವುದು ಕ್ರಮವನ್ನೇ ಹೊರತು ಅಳತೆಯನ್ನಲ್ಲ. ಅಳತೆ ಬೇಕಾದವರು ಜ್ಮಾದುವಿನ ನಾಲ್ಕನೆಯ ಸ್ಥಾನದಲ್ಲಿ ಅಂಕಿಯನ್ನೇ ಬರೆಯಬೇಕು.