ಈಟಿಗೆ ಕಟ್ಟಿದ ಕೊಂಬೆ

ಬುಕ್ಕಸಾಗರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಈಚೆಗೆ ನಾನು ಒಂದು ಕಚೇರಿಗೆ ಫೋನು ಮಾಡಿದೆ. ಕಚೇರಿಯ ಹೆಸರು ಇಲ್ಲಿ ಬೇಡ. ಪಕ್ಕದ ಮನೆಯ ಅಜ್ಜಿಗೆ ಬರುತ್ತಿದ್ದ ಮಾಸಾಶನ ಮೂರು ತಿಂಗಳಿಂದ ನಿಂತುಹೋಗಿತ್ತು. ಒಂದನ್ನು ಒತ್ತಿದೆ, ನಾಲ್ಕನ್ನು ಒತ್ತಿದೆ, ಆಮೇಲೆ ಸಂಗೀತ ಆರಂಭವಾಯಿತು. ನಡುನಡುವೆ ಒಂದು ಯಂತ್ರದ ದನಿ, ನನ್ನ ಕರೆ ಬಹು ಅಮೂಲ್ಯವೆಂದು ಸಮಾಧಾನ ಹೇಳುತ್ತಿತ್ತು. ನಲವತ್ತು ನಿಮಿಷಗಳಾದ ಮೇಲೆ ಸಂಪರ್ಕವೇ ಕಡಿಯಿತು.

“ಯಾರರ ಮಾತಾಡಿದ್ರೇನಪ್ಪಾ?” ಎಂದರು ಅಜ್ಜಿ.

“ಇಲ್ಲಜ್ಜಿ, ಹಾಡು ಹಾಕ್ಯಾರ.”

“ಹಾಡು ಕೇಳಿದ್ರ ಹೊಟ್ಟಿ ತುಂಬ್ತದೇನು?”

ಅಜ್ಜಿಯ ಮಾತಿನ ಹಿಂದೆ ರಾಜ್ಯಗಳಷ್ಟೇ ಹಳೆಯದಾದ ಪ್ರಶ್ನೆಯೊಂದಿದೆ. ಅಳಲುಳ್ಳವನು ಆಳುವವನ ಕಿವಿಯನ್ನು ಮುಟ್ಟುವುದು ಹೇಗೆ? ನಮ್ಮೂರಿನಿಂದ ಪಶ್ಚಿಮಕ್ಕೆ ಕೆಲವೇ ಮೈಲಿ ನಡೆದರೆ ಸಿಗುವ ಹಾಳು ಪಟ್ಟಣದಲ್ಲಿ ಈ ಪ್ರಶ್ನೆಗೆ ಒಂದು ಕಾಲದಲ್ಲಿ ಉತ್ತರವಿತ್ತು. ಅಚ್ಯುತರಾಯನ ಕಾಲದಲ್ಲಿ, ಸುಮಾರು 1535ರ ಹೊತ್ತಿಗೆ, ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಅದನ್ನು ಬರೆದಿಟ್ಟಿದ್ದಾನೆ. ಅವನ ಬರಹವನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ.

ನೂನಿಜ್ ಹೇಳುವ ಪ್ರಕಾರ, ಅನ್ಯಾಯಕ್ಕೊಳಗಾದವನು ಅರಸನ ಮುಂದೆ ಬೋರಲಾಗಿ ಮಲಗಿ, ನಿನಗೇನು ಬೇಕೆಂದು ಕೇಳುವವರೆಗೆ ಹಾಗೆಯೇ ಇರುತ್ತಿದ್ದ. ಅರಸನು ಸವಾರಿ ಹೊರಟಿದ್ದರೆ, ಈಟಿಯ ಕೋಲಿಗೆ ಒಂದು ಕೊಂಬೆಯನ್ನು ಕಟ್ಟಿ, ಎತ್ತಿ ಹಿಡಿದು ಕೂಗುತ್ತ ಬರುತ್ತಿದ್ದ. ಜನ ದಾರಿ ಬಿಡುತ್ತಿದ್ದರು. ದೂರು ನಿಂತಲ್ಲಿಯೇ ತೀರ್ಮಾನವಾಗುತ್ತಿತ್ತು. ಜೊತೆಗಿದ್ದ ನಾಯಕರಲ್ಲಿ ಒಬ್ಬನಿಗೆ ಆಗಲೇ ಅಪ್ಪಣೆಯಾಗುತ್ತಿತ್ತು. ಇಂಥ ಸೀಮೆಯ ಇಂಥ ದಾರಿಯಲ್ಲಿ ಕಳವಾಯಿತೆಂದರೆ ಆ ಸೀಮೆಯ ನಾಯಕನಿಗೇ ಕರೆ ಹೋಗುತ್ತಿತ್ತು. ಕಳ್ಳನನ್ನು ಹಿಡಿಯದಿದ್ದರೆ ನಾಯಕನೇ ಸೆರೆಯಾಗಬಹುದಿತ್ತು, ಅವನ ಆಸ್ತಿಯೂ ಹೋಗಬಹುದಿತ್ತು.

ಇದನ್ನು ಓದಿ ಆ ಕಾಲವನ್ನು ರಾಮರಾಜ್ಯವೆಂದು ಭ್ರಮಿಸಬೇಕಾಗಿಲ್ಲ. ಬೆಳೆದುದರಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ರೈತರು ಒಡೆಯರಿಗೆ ಕೊಡಬೇಕಾಗಿತ್ತೆಂದು ಬರೆದವನೂ ಇದೇ ನೂನಿಜ್. ದೂರದ ಹಳ್ಳಿಯ ಬಡವನು ಅರಸನ ಸವಾರಿಯ ದಾರಿಯವರೆಗೆ ಬರುವುದೂ ಸುಲಭವಾಗಿರಲಾರದು. ಆದರೂ ಆ ಪದ್ಧತಿಯಲ್ಲಿ ಗಮನಿಸತಕ್ಕ ಮೂರು ಅಂಶಗಳಿವೆ. ದೂರುಗಾರ ಎಲ್ಲರ ಕಣ್ಣಿಗೂ ಕಾಣುತ್ತಿದ್ದ, ಕೆಲಸ ಇಂಥವನದೆಂದು ಗೊತ್ತಾಗುತ್ತಿತ್ತು, ಮಾಡದವನಿಗೆ ನಷ್ಟವಿತ್ತು.

ಇನ್ನು ದೂರವಾಣಿಯ ಕಥೆ. ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳು ತೆರೆದುದು 1882ರಲ್ಲಿ. ಮುಂದೆ ಬಹುಕಾಲ ಪರಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. 1960ರಲ್ಲಿ ಲಖನೌ ಮತ್ತು ಕಾನಪುರಗಳ ನಡುವೆ ನೇರವಾಗಿ ನಂಬರು ತಿರುಗಿಸುವ ಸೌಕರ್ಯ ಬಂದಿತು. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ, ಸಿ-ಡಾಟ್ ಸಂಸ್ಥೆಯು ದೇಶದಲ್ಲಿಯೇ ರೂಪಿಸಿದ ಗ್ರಾಮೀಣ ವಿನಿಮಯ ಕೇಂದ್ರವು ಮೊದಲು ನೆಲೆಗೊಂಡಿತು. ಇಂದು ಗದ್ದೆಯ ಬದುವಿನ ಮೇಲೆ ನಿಂತವನ ಜೇಬಿನಲ್ಲಿಯೂ ಫೋನು ಇದೆ.

ಅಂದು ಕಾಯುತ್ತಿದ್ದುದು ತಂತಿಗಾಗಿ. ತಂತಿಗಳು ಕಡಿಮೆ, ಕರೆಗಳು ಹೆಚ್ಚು. ಆ ಕಾಯುವಿಕೆಗೆ ಕಾರಣವಿತ್ತು. ಇನ್ನೂ ಎಷ್ಟು ಹೊತ್ತೆಂದು ಆಪರೇಟರರನ್ನು ಕೇಳಬಹುದಿತ್ತು, ಬೇಕಾದರೆ ಜಗಳವನ್ನೂ ಆಡಬಹುದಿತ್ತು. ಇಂದು ತಂತಿಯ ತೊಂದರೆಯಿಲ್ಲ. ನಾವು ಕಾಯುವುದು ಮನುಷ್ಯನಿಗಾಗಿ. ಅಷ್ಟೇ ಅಲ್ಲ, ಸಂಗೀತ ಕೇಳುತ್ತ ಕುಳಿತ ಸಾವಿರ ಜನ ಒಬ್ಬರಿಗೊಬ್ಬರು ಕಾಣುವುದಿಲ್ಲ. ಕಚೇರಿಯ ಬಾಗಿಲಲ್ಲಿ ಸಾಲು ಬೆಳೆದರೆ ಅಧಿಕಾರಿಗೆ ನಾಚಿಕೆಯಾದೀತು. ಫೋನಿನ ಸಾಲು ಯಾರ ಕಣ್ಣಿಗೂ ಬೀಳದು. ಕೊಂಬೆ ಕಟ್ಟಿದ ಈಟಿಯನ್ನು ಎತ್ತಿ ಹಿಡಿಯಲು ಅಲ್ಲಿ ಬೀದಿಯೇ ಇಲ್ಲ.

ಹೊಣೆಯನ್ನು ಮತ್ತೆ ಗೊತ್ತುಮಾಡುವ ಯತ್ನಗಳು ನಡೆದಿಲ್ಲವೆಂದಲ್ಲ. ದೂರಸಂಪರ್ಕ ಕಂಪನಿಗಳಿಗೆ ನಿಯಂತ್ರಣ ಪ್ರಾಧಿಕಾರವು, ನೂರು ಕರೆಗಳಲ್ಲಿ 95ಕ್ಕಾದರೂ 90 ಸೆಕೆಂಡುಗಳೊಳಗೆ ಮನುಷ್ಯರೇ ಉತ್ತರಿಸಬೇಕೆಂದು ಅಳತೆ ಹಾಕಿಕೊಟ್ಟಿದೆ. ಕರ್ನಾಟಕ ಸರ್ಕಾರ 2011ರಲ್ಲಿ ಮಾಡಿದ ಕಾಯಿದೆಯ ಫಲವಾಗಿ ‘ಸಕಾಲ’ ಯೋಜನೆ 2012ರ ಏಪ್ರಿಲ್ 2ರಿಂದ ರಾಜ್ಯದಲ್ಲೆಲ್ಲ ಜಾರಿಗೆ ಬಂದಿತು. ಗೊತ್ತಾದ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ, ಅರ್ಜಿದಾರನಿಗೆ ಪರಿಹಾರ ಸಲ್ಲಬೇಕು. ಮೊತ್ತ ಸಣ್ಣದು, ತತ್ತ್ವ ಮಾತ್ರ ನೂನಿಜ್ ಕಂಡ ನಾಯಕನದೇ. ಆದರೆ ಸಕಾಲದ ಗಡಿಯಾರ ಓಡಬೇಕಾದರೆ ಅರ್ಜಿ ದಾಖಲಾಗಬೇಕು, ಅದಕ್ಕೊಂದು ಸಂಖ್ಯೆ ಬೀಳಬೇಕು. ಯಾರೂ ಎತ್ತದ ಫೋನಿಗೆ ಯಾವ ಸಂಖ್ಯೆ? ಇಷ್ಟು ಜನ ಕರೆದರು, ಇಷ್ಟು ಹೊತ್ತು ಕಾದರು, ಇಷ್ಟು ಜನ ಬೇಸತ್ತು ಬಿಟ್ಟರು ಎಂದು ಪ್ರತಿಯೊಂದು ಕಚೇರಿಯೂ ತಿಂಗಳಿಗೊಮ್ಮೆ ಬಾಗಿಲಲ್ಲಿ ಬರೆದು ಹಾಕಿದರೆ, ಕಾಣದ ಸಾಲು ಕಂಡೀತು.

ಕೊನೆಗೆ ನಾನೂ ಅಜ್ಜಿಯೂ ಬಸ್ಸು ಹತ್ತಿ ಕಚೇರಿಗೇ ಹೋದೆವು. ಮೇಜಿನ ಹಿಂದಿದ್ದ ತರುಣ ಗುಮಾಸ್ತರು ಸೌಜನ್ಯದಿಂದಲೇ ಕಾಗದ ನೋಡಿದರು. ಬ್ಯಾಂಕಿನ ಖಾತೆಯ ಸಂಖ್ಯೆಯಲ್ಲಿ ಒಂದು ಅಂಕೆ ತಪ್ಪಿತ್ತು. ಹತ್ತೇ ನಿಮಿಷದಲ್ಲಿ ಸರಿಪಡಿಸಿದರು. ಮೂರು ಮೇಜುಗಳ ಕೆಲಸವನ್ನು ಅವರೊಬ್ಬರೇ ನೋಡುತ್ತಿದ್ದರು. ಅಷ್ಟು ಹೊತ್ತೂ ಅವರ ಪಕ್ಕದಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು.

ಎದ್ದು ಹೊರಡುವಾಗ ಅಜ್ಜಿ ತಿರುಗಿ ನಿಂತು ಹೇಳಿದರು: “ಅದನ್ನ ಎತ್ತಪ್ಪಾ. ಪಾಪ, ಯಾರಿಗೇನು ತ್ರಾಸೋ.”